“ಯಾರ ಪೈಕಿ?” — ಒಂದು ಪ್ರಶ್ನೆಯ ಚರಿತ್ರೆ

೧

ಮೈಸೂರು ನಗರದ ಉತ್ತರಭಾಗದಲ್ಲಿ ಕುಂಬಾರಕೊಪ್ಪಲು ಎಂಬ ಪ್ರದೇಶವಿರುವುದು ನಮ್ಮ ವಾಚಕರಲ್ಲಿ ಬಹುಮಂದಿಗೆ ತಿಳಿದೇ ಇದೆ. ಒಂದು ಕಾಲಕ್ಕೆ ಪಟ್ಟಣದ ಹೊರಗಿದ್ದ ಹಳ್ಳಿ ಇದು; ಪಟ್ಟಣವೇ ಬೆಳೆದು ಬಂದು ಇದನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಇದಕ್ಕೆ ನೆರೆಯಾಗಿ ಗೋಕುಲವೂ ಮೇಟಗಳ್ಳಿಯೂ ಇವೆ; ಅಲ್ಲಿಂದ ಮುಂದಕ್ಕೆ ಹೆಬ್ಬಾಳದ ಕಾರ್ಖಾನೆಗಳ ಸಾಲು. ಹೆಸರು ಕುಂಬಾರರದಾದರೂ ಅಲ್ಲಿ ವಾಸಿಸುವವರೆಲ್ಲರೂ ಕುಂಬಾರರಲ್ಲ. ಬೇಸಾಯದ ಮನೆತನದವರು, ಕಾರ್ಖಾನೆಯ ನೌಕರರು, ವಿದ್ಯೆಗಾಗಿಯೋ ಜೀವನೋಪಾಯಕ್ಕಾಗಿಯೋ ದೂರದ ಜಿಲ್ಲೆಗಳಿಂದ ಬಂದು ಬಾಡಿಗೆಗಿರುವವರು, ಹೀಗೆ ನಾನಾ ಬಗೆಯ ಜನರಿಗೆ ಅದು ಮನೆಯಾಗಿದೆ.

ಕೆಲವು ಕಾಲದ ಹಿಂದೆ, ಕಾರ್ಖಾನೆಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಪರಿಚಿತನಾದ ತರುಣನೊಬ್ಬನಿಗೆ ಮನೆ ಹುಡುಕುವುದಕ್ಕಾಗಿ ಆ ಸೀಮೆಯ ಬೀದಿಗಳಲ್ಲಿ ಅವನೊಡನೆ ತಿರುಗುತ್ತಿದ್ದೆನು. ತರುಣನು ರಾಯಚೂರಿನ ಕಡೆಯವನು. ಒಂದು ಮನೆಯ ಜಗಲಿಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು ನಮ್ಮನ್ನು ಆದರದಿಂದಲೇ ಕೂರಿಸಿಕೊಂಡು, “ಯಾವೂರಾಯ್ತಪ್ಪ?” ಎಂದು ಕೇಳಿದರು. “ರಾಯಚೂರ ಕಡೆಯವನ್ರೀ, ಯಜಮಾನ್ರೆ” ಎಂದನು ತರುಣ. “ಓಹೋ, ದೂರದೋರು. ಯಾರ ಪೈಕಿ?” ಎಂಬುದು ಅವರ ಎರಡನೆಯ ಪ್ರಶ್ನೆ. ತರುಣನು ತಲೆ ತಗ್ಗಿಸಿದನು, ಉತ್ತರ ಹೇಳಲಿಲ್ಲ. ವೃದ್ಧರು ಸ್ವಲ್ಪ ಹೊತ್ತು ಕಾದು, ಒಳಗಿನಿಂದ ನೀರು ತರಿಸಿ ಕೊಟ್ಟರು. ಮನೆಯನ್ನು ಕೊಡಲಿಲ್ಲ.

ಆ ದಿನ ಸಂಜೆ ಹಿಂದಿರುಗುವಾಗ ನನ್ನ ಮನಸ್ಸನ್ನು ಕಾಡಿದುದು ಮನೆ ಸಿಗದ ಕಷ್ಟಕ್ಕಿಂತ ಹೆಚ್ಚಾಗಿ ಆ ಮೌನ. “ನೀನು ಯಾರು?” ಎಂಬ ಪ್ರಶ್ನೆಗೆ ಒಬ್ಬ ವಿದ್ಯಾವಂತನು ತನ್ನ ನಾಡಿನಲ್ಲಿಯೇ, ತನ್ನ ಭಾಷೆಯಲ್ಲಿಯೇ, ಉತ್ತರ ಕೊಡಲಾರದೆ ಹೋದುದೇಕೆ? ಈ ಪ್ರಶ್ನೆಗೂ ಒಂದು ಚರಿತ್ರೆಯುಂಟು. ಸಮಾಜ ಮಾನವಶಾಸ್ತ್ರವೆಂಬ ವಿದ್ಯೆಯು ಕಳೆದ ನೂರು ವರ್ಷಗಳಲ್ಲಿ ಕಂಡುಕೊಂಡ ಕೆಲವು ಸಂಗತಿಗಳನ್ನು ಆಧಾರವಾಗಿಟ್ಟುಕೊಂಡು, ನಮ್ಮ ಮೈಸೂರು ಸೀಮೆಯ ನಿದರ್ಶನಗಳಿಂದಲೇ ಆ ಚರಿತ್ರೆಯನ್ನು ಸಂಗ್ರಹವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

೨

ಮೊದಲನೆಯ ಪ್ರಶ್ನೆಯನ್ನೇ ನೋಡೋಣ. “ನಿಮ್ಮ ಊರು ಯಾವುದು?” ಎಂದು ಕುಂಬಾರಕೊಪ್ಪಲಿನವರೊಬ್ಬರನ್ನು ಮೇಟಗಳ್ಳಿಯಲ್ಲಿ ಕೇಳಿದರೆ ಕುಂಬಾರಕೊಪ್ಪಲು ಎನ್ನುವರು. ಬೆಂಗಳೂರಿನಲ್ಲಿ ಕೇಳಿದರೆ ಮೈಸೂರು ಎನ್ನುವರು. ದೆಹಲಿಯಲ್ಲಿ ಕೇಳಿದರೆ ಕರ್ನಾಟಕವೆಂದೂ, ಲಂಡನ್ನಿನಲ್ಲಿ ಕೇಳಿದರೆ ಇಂಡಿಯಾ ಎಂದೂ ಹೇಳುವರು. ಈ ನಾಲ್ಕು ಉತ್ತರಗಳಲ್ಲಿ ಒಂದೂ ಸುಳ್ಳಲ್ಲ. ಒಂದು ಮತ್ತೊಂದನ್ನು ಅಲ್ಲಗಳೆಯುವುದೂ ಇಲ್ಲ. ಉತ್ತರವನ್ನು ನಿರ್ಣಯಿಸುವವನು ಕೇಳುವವನೇ ಹೊರತು ಹೇಳುವವನೊಬ್ಬನೇ ಅಲ್ಲ.

ನಮಗೆ ಇದು ನಿತ್ಯಾನುಭವ. ಆದರೆ ಇದನ್ನು ಶಾಸ್ತ್ರದ ವಿಷಯವಾಗಿ ಮಾಡಿದವರಲ್ಲಿ ಆಕ್ಸ್‌ಫರ್ಡಿನ ಇವಾನ್ಸ್-ಪ್ರಿಚರ್ಡ್ ಎಂಬ ಪಂಡಿತರು ಮುಖ್ಯರು. ನೈಲ್ ನದಿಯ ಮೇಲ್ದಂಡೆಯಲ್ಲಿ ದನಗಾಹಿಗಳಾಗಿರುವ ನೂಯರ್ ಎಂಬ ಜನರನ್ನು ಕುರಿತು ಅವರು ೧೯೪೦ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆ ಜನರ ಭಾಷೆಯಲ್ಲಿ ‘ಚಿಯೆಂಗ್’ ಎಂಬ ಮಾತಿಗೆ ಮನೆ, ಊರು ಎಂಬ ಅರ್ಥ. ಆದರೆ ಅದು ಒಮ್ಮೆ ಗುಡಿಸಲನ್ನೂ ಒಮ್ಮೆ ಹಳ್ಳಿಯನ್ನೂ ಒಮ್ಮೆ ಇಡೀ ಕುಲದ ನೆಲವನ್ನೂ ಸೂಚಿಸುವುದು. ಎದುರಿಗಿರುವವನು ಎಷ್ಟು ದೂರದವನೋ ಅಷ್ಟು ದೊಡ್ಡದು ಆ ಮಾತಿನ ವ್ಯಾಪ್ತಿ. ಎರಡು ಹಳ್ಳಿಗಳು ತಮ್ಮೊಳಗೆ ಜಗಳವಾಡುತ್ತಿದ್ದರೂ ಮೂರನೆಯವರು ಎದುರಾದಾಗ ಅವು ಒಂದಾಗುವುವು. ನಮ್ಮ ‘ಊರು’ ಎಂಬ ಮಾತೂ ಇಂಥದೇ ಅಲ್ಲವೆ?

ಕುಂಬಾರಕೊಪ್ಪಲು ಎಂಬ ಹೆಸರಿನಲ್ಲಿಯೇ ಈ ತತ್ತ್ವ ಅಡಗಿದೆ. ಕೊಪ್ಪಲು ಎಂದರೆ ಚಿಕ್ಕ ಹಳ್ಳಿ. ಮೈಸೂರು ಮಂಡ್ಯ ಸೀಮೆಗಳಲ್ಲಿ ಇಂಥ ಕೊಪ್ಪಲುಗಳು ಹೆಜ್ಜೆಹೆಜ್ಜೆಗೂ ಇವೆ. ಎಲ್ಲರೂ ಮಡಕೆ ಮಾಡುವ ಊರೊಂದು ಇದ್ದಿದ್ದರೆ ಅಲ್ಲಿ ಯಾರನ್ನೂ ಕುಂಬಾರನೆಂದು ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಮಡಕೆ ಮಾಡದವರು ಸುತ್ತಲೂ ಇರುವುದರಿಂದಲೇ ಮಾಡುವವನು ಕುಂಬಾರನಾದನು. ಹಾಗೆಯೇ ಒಂದು ಕೊಪ್ಪಲಿಗೆ ಕುಂಬಾರರ ಹೆಸರು ಸಲ್ಲುವುದು ನೆರೆಯ ಹಳ್ಳಿಗಳವರ ಬಾಯಿಂದ. ನಾರ್ವೆ ದೇಶದ ಮಾನವಶಾಸ್ತ್ರಜ್ಞರಾದ ಫ್ರೆಡ್ರಿಕ್ ಬಾರ್ತ್ ಎಂಬವರು ತಾವು ಸಂಪಾದಿಸಿ ೧೯೬೯ರಲ್ಲಿ ಹೊರತಂದ ಗ್ರಂಥವೊಂದರಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಪ್ರತಿಪಾದಿಸಿದರು. ಒಂದು ಜನವರ್ಗವನ್ನು ಬೇರೆಯಾಗಿ ನಿಲ್ಲಿಸುವುದು ಅದರ ಉಡುಪು, ಊಟ, ಆಚಾರಗಳ ಮೊತ್ತವಲ್ಲ. ಅದಕ್ಕೂ ಅದರ ನೆರೆಯವರಿಗೂ ನಡುವೆ ಇಬ್ಬರೂ ಕೂಡಿ ಕಾಪಾಡಿಕೊಂಡು ಬರುವ ಎಲ್ಲೆ. ಆಚಾರಗಳು ಕಾಲಕಾಲಕ್ಕೆ ಬದಲಾಗುವುವು, ಎಲ್ಲೆಯು ಉಳಿಯುವುದು, ಎಂಬುದು ಅವರ ಅಭಿಪ್ರಾಯ.

ಹಳೆಯ ಗ್ರಾಮವ್ಯವಸ್ಥೆಯಲ್ಲಿ ಈ ಎಲ್ಲೆಯು ಬೇರ್ಪಡಿಸುತ್ತಲೇ ಕೂಡಿಸುತ್ತಿತ್ತು. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿಯು ೧೮೧೦ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಹಳ್ಳಿಯ ಹನ್ನೆರಡು ಆಯಗಾರರನ್ನು ಎಣಿಸುವಾಗ ಗೌಡ, ಶಾನುಭೋಗ, ತಳವಾರ, ನೀರುಗಂಟಿ, ಬಡಗಿ, ಕಮ್ಮಾರ ಮೊದಲಾದವರೊಡನೆ ಕುಂಬಾರನನ್ನೂ ಹೇಳಿದ್ದಾನೆ. ಸುಗ್ಗಿಯ ಕಾಲದಲ್ಲಿ ಕಣದಿಂದ ಅವನಿಗೆ ಆಯ ಸಲ್ಲುತ್ತಿತ್ತು. ಮದುವೆಯ ಮನೆಗೆ ಬಣ್ಣ ಬಳಿದ ಗಡಿಗೆಗಳನ್ನು ಅವನ ಮನೆಯಿಂದ ಪೂಜಿಸಿ ತರಬೇಕು. ಇವನ್ನು ಕೆಲವೆಡೆ ಐರಣೆಯೆಂದೂ ಕೆಲವೆಡೆ ಅರಿವೇಣಿಯೆಂದೂ ಕರೆಯುವರು. ಹರಿಹರ ಕವಿಯು ತನ್ನ ರಗಳೆಗಳಲ್ಲಿ ಒಂದನ್ನು ಕುಂಬಾರ ಗುಂಡಯ್ಯನಿಗೆ ಮೀಸಲಾಗಿಟ್ಟನು. ಗುಂಡಯ್ಯನು ಗಡಿಗೆಯನ್ನು ಬಾರಿಸಿದರೆ ಸಾಕ್ಷಾತ್ ಶಿವನೇ ಕುಣಿದನೆಂಬುದು ಅಲ್ಲಿಯ ಕಥೆ. ಶಾಲಿವಾಹನನು ಕುಂಬಾರನ ಮನೆಯಲ್ಲಿ ಬೆಳೆದು, ಮಣ್ಣಿನ ಆನೆ ಕುದುರೆ ಕಾಲಾಳುಗಳಿಗೆ ಜೀವ ತುಂಬಿ ಯುದ್ಧ ಗೆದ್ದನೆಂಬ ಐತಿಹ್ಯವೂ ನಮ್ಮ ಮನೆಗಳಲ್ಲಿ ಪ್ರಚಲಿತವಾಗಿದೆ.

ಇದನ್ನೆಲ್ಲ ಹೇಳಿ ಹಳೆಯ ಹಳ್ಳಿಯನ್ನು ಸ್ವರ್ಗವೆಂದು ವರ್ಣಿಸುವುದು ನನ್ನ ಉದ್ದೇಶವಲ್ಲ. ಮದುವೆಗೆ ಗಡಿಗೆ ಬೇಕು, ಆದರೆ ಪಂಕ್ತಿಯಲ್ಲಿ ಗಡಿಗೆ ಮಾಡಿದವನಿಗೆ ಎಡೆಯಿಲ್ಲ ಎಂಬ ಸ್ಥಿತಿ ಅಲ್ಲಿತ್ತು. ಊರಬಾವಿಯ ನೀರನ್ನೇ ಮುಟ್ಟಬಾರದೆಂಬ ಕಟ್ಟಿಗೆ ಒಳಗಾದವರ ಪಾಡು ಅದಕ್ಕಿಂತಲೂ ಹೀನವಾಗಿತ್ತು. ಹೇಳತಕ್ಕದ್ದು ಇಷ್ಟೆ: ಆ ಕಾಲದ “ಯಾರ ಪೈಕಿ?” ಎಂಬ ಪ್ರಶ್ನೆಯನ್ನು ಪರಸ್ಪರ ಮುಖಪರಿಚಯವಿದ್ದವರು ಕೇಳುತ್ತಿದ್ದರು. ಉತ್ತರದಿಂದ ಅಣ್ಣನೆನ್ನಬೇಕೆ, ಮಾವನೆನ್ನಬೇಕೆ, ದೂರ ನಿಲ್ಲಬೇಕೆ, ನಿಲ್ಲಿಸಬೇಕೆ ಎಂಬುದು ನಿರ್ಧಾರವಾಗುತ್ತಿತ್ತು. ಅದೇ ಪ್ರಶ್ನೆಯನ್ನು ಮುಖಪರಿಚಯವಿಲ್ಲದವನೊಬ್ಬನು ಕೈಯಲ್ಲಿ ಕಾಗದ ಹಿಡಿದು ಕೇಳಿದುದು ಮುಂದಿನ ಅಧ್ಯಾಯ.

೩

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಮೊದಲ ಜನಗಣತಿ ನಡೆದುದು ೧೮೭೧ರಲ್ಲಿ. ಆಗ ದೇಶವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಅರಸರಿಗೆ ರಾಜ್ಯವು ಹಿಂದಿರುಗಿದುದು ೧೮೮೧ರಲ್ಲಿ. ಅಂದಿನಿಂದ ಹತ್ತು ವರ್ಷಕ್ಕೊಮ್ಮೆ ಗಣತಿಯವನು ಮನೆಮನೆಗೆ ಬರತೊಡಗಿದನು. ಅವನ ಕಾಗದದಲ್ಲಿ ಜಾತಿಗೆ ಒಂದು ಅಂಕಣ. ಆ ಅಂಕಣಕ್ಕೆ ಒಂದೇ ಉತ್ತರ ಬೇಕು. ಮೇಟಗಳ್ಳಿಯಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು ಎಂದರೆ ನಡೆಯದು.

೧೯೦೧ರ ಗಣತಿಯ ಕಾಲದಲ್ಲಿ ರಿಸ್ಲೀ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇಡೀ ಇಂಡಿಯಾದ ಜನಾಂಗಗಳ ಪರಿಶೀಲನೆಯೊಂದು ಆರಂಭವಾಯಿತು. ಮೈಸೂರಿನಲ್ಲಿ ಈ ಕಾರ್ಯವನ್ನು ವಹಿಸಿಕೊಂಡವರು ಎಚ್. ವಿ. ನಂಜುಂಡಯ್ಯನವರು. ಒಂದೊಂದು ಜಾತಿಯ ಹುಟ್ಟು, ಮದುವೆ, ಮರಣ, ದೇವರು, ಪಂಚಾಯತಿ, ಊಟ, ಉಡಿಗೆಗಳನ್ನು ಅವರು ವಿಚಾರಿಸಿ ಬಿಡಿ ಪುಸ್ತಿಕೆಗಳಾಗಿ ಅಚ್ಚುಹಾಕಿಸಿದರು. ಅವರ ಕಾಲಾನಂತರ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಪೂರ್ತಿಗೊಳಿಸಲು, ಮೈಸೂರು ವಿಶ್ವವಿದ್ಯಾನಿಲಯವು ೧೯೨೮ರಿಂದ ೧೯೩೫ರವರೆಗೆ ನಾಲ್ಕು ಸಂಪುಟಗಳನ್ನು ಪ್ರಕಟಿಸಿತು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾದಾಗ ಮೊದಲನೆಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಇದೇ ನಂಜುಂಡಯ್ಯನವರು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದಾಗ ಅದರ ಪ್ರಥಮ ಕುಲಪತಿಗಳಾದವರೂ ಅವರೇ. ನಾಡಿನ ಜನರನ್ನು ಜಾತಿಜಾತಿಯಾಗಿ ಬಿಡಿಸಿ ಬರೆದವರೂ, ಅವರನ್ನೆಲ್ಲ ಕನ್ನಡಿಗರೆಂಬ ಒಂದೇ ಹೆಸರಿನಲ್ಲಿ ಕೂಡಿಸಲು ನಿಂತ ಪರಿಷತ್ತಿನ ಮೊದಲ ಅಧ್ಯಕ್ಷರೂ, ಪ್ರಪಂಚದ ವಿದ್ಯೆಗೆ ಮೈಸೂರಿನ ಬಾಗಿಲನ್ನು ತೆರೆದವರೂ ಒಬ್ಬರೇ! ಜಾತಿಯ ಗುರುತು ಹಳೆಯದು, ನಾಡಿನ ಗುರುತು ಹೊಸದು, ಒಂದು ಹೋದ ಮೇಲೆ ಇನ್ನೊಂದು ಬಂದಿತು ಎಂದು ಭಾವಿಸುವವರಿಗೆ ಈ ಮಹನೀಯರ ಜೀವನವೇ ಉತ್ತರವಾಗಿದೆ. ಅಚ್ಚಾದ ಜಾತಿಪಟ್ಟಿಯೂ ಅಚ್ಚಾದ ಪತ್ರಿಕೆಯೂ ಒಂದೇ ಕಾಲದ ಮಕ್ಕಳು.

ಅಂಕಣವು ಜನರನ್ನು ಎಣಿಸಿತಷ್ಟೇ ಅಲ್ಲ, ಅವರನ್ನು ಬದಲಾಯಿಸಿತು. ಕನ್ನಡವಾಡುವ ಕುಂಬಾರರೂ ತೆಲುಗಾಡುವ ಕುಂಬಾರರೂ ಹಿಂದೆ ತಮ್ಮ ತಮ್ಮೊಳಗೆ ಹೆಣ್ಣು ಕೊಟ್ಟು ತರುತ್ತಿರಲಿಲ್ಲ. ಕಾಗದದಲ್ಲಿ ಒಂದೇ ಹೆಸರಿನ ಕೆಳಗೆ ಅವರು ಕೂಡಿದರು. ಅಮೆರಿಕದ ಬರ್ನಾರ್ಡ್ ಕೋನ್ ಎಂಬ ಪಂಡಿತರು ಈ ವಿಷಯವನ್ನು ವಿಶದವಾಗಿ ಪರಿಶೀಲಿಸಿದ್ದಾರೆ. ಅದುವರೆಗೆ ಗಾಳಿಯಂತೆ ಸುತ್ತಲೂ ಇದ್ದ ತನ್ನ ಆಚಾರವನ್ನು ಜನರು ಗಣತಿಯ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದಾಗ ಒಂದು ವಸ್ತುವಿನಂತೆ ಎದುರಿಗಿಟ್ಟುಕೊಂಡು ನೋಡಲು ಕಲಿತರೆಂಬುದು ಅವರ ವಾದದ ಸಾರ. ನೋಡಿದ ಮೇಲೆ ಸುಮ್ಮನಿರುವುದುಂಟೆ? ಮೈಸೂರಿನಲ್ಲಿ ೧೯೦೫ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ಸಂಸ್ಥೆಯೂ, ೧೯೦೬ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದುವು. ಸರ್ಕಾರದ ಹುದ್ದೆಗಳು ಒಂದೇ ವರ್ಗದವರ ಕೈಯಲ್ಲಿರುವುವೆಂಬ ದೂರು ಎದ್ದು, ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಮರುವರ್ಷ ಅದು ವರದಿಯನ್ನೊಪ್ಪಿಸಿತು. ಅಂಕಣವಿಲ್ಲದಿದ್ದರೆ ಅನ್ಯಾಯವೂ ಕಾಣುತ್ತಿರಲಿಲ್ಲ, ನ್ಯಾಯಕ್ಕೂ ಲೆಕ್ಕ ಸಿಗುತ್ತಿರಲಿಲ್ಲ. ಆದುದರಿಂದ ಎಣಿಕೆಯನ್ನು ಬರಿದೇ ಹಳಿಯುವುದು ತರವಲ್ಲ. ಅದು ಎಲ್ಲೆಯನ್ನು ಗಟ್ಟಿಮಾಡಿತೆಂಬುದೂ ನಿಜ, ಎಲ್ಲೆಯ ಹೊರಗೆ ನಿಂತಿದ್ದವರಿಗೆ ಶಾಲೆಯ ಬಾಗಿಲನ್ನು ತೋರಿಸಿತೆಂಬುದೂ ನಿಜ.

೪

ಇನ್ನು ನಾಡು, ರಾಷ್ಟ್ರಗಳ ಮಾತು. ನನ್ನ ಪರಿಚಿತನಾದ ತರುಣನ ಅಜ್ಜನು ಹೈದರಾಬಾದಿನ ನಿಜಾಮರ ಪ್ರಜೆ. ನನ್ನ ಅಜ್ಜನು ಮೈಸೂರಿನ ಒಡೆಯರ ಪ್ರಜೆ. ಇಬ್ಬರೂ ಕನ್ನಡವನ್ನೇ ಆಡುತ್ತಿದ್ದರೂ ಒಬ್ಬರನ್ನೊಬ್ಬರು ‘ನಮ್ಮವರು’ ಎಂದು ಕರೆಯುವ ಕಾರಣವೇ ಇರಲಿಲ್ಲ. ನಿಜಾಮರ ನಾಣ್ಯ ಮೈಸೂರಿನ ಸಂತೆಯಲ್ಲಿ ನಡೆಯುತ್ತಿರಲಿಲ್ಲ. ಮೈಸೂರು ಸಂಸ್ಥಾನವು ೧೯೪೭ರಲ್ಲಿ ಭಾರತವನ್ನು ಸೇರಿ, ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅದೇ ವರ್ಷ ಜವಾಬ್ದಾರಿ ಸರ್ಕಾರವನ್ನು ಪಡೆಯಿತು. ಹೈದರಾಬಾದು ಸೇರಿದುದು ೧೯೪೮ರ ಸೆಪ್ಟೆಂಬರಿನಲ್ಲಿ. ಎರಡು ಕಡೆಯ ಕನ್ನಡ ಜಿಲ್ಲೆಗಳು ಮುಂಬಯಿ, ಮದರಾಸು, ಕೊಡಗುಗಳ ಭಾಗಗಳೊಡನೆ ಒಂದೇ ರಾಜ್ಯವಾದುದು ೧೯೫೬ರ ನವೆಂಬರ್ ೧ರಂದು. ಆಗಲೂ ಹೆಸರು ಮೈಸೂರೆಂದೇ ಉಳಿಯಿತು. ಕರ್ನಾಟಕವೆಂಬ ಹೆಸರು ಬರಲು ೧೯೭೩ರವರೆಗೆ ಕಾಯಬೇಕಾಯಿತು. ಏಕೀಕರಣಕ್ಕೆ ಮೊದಲು ಹಳೆಯ ಮೈಸೂರಿನವರಲ್ಲಿ ಹಲವರು ಹಿಂಜರಿದುದನ್ನು ಮರೆಮಾಚಬೇಕಾದುದಿಲ್ಲ. “ನಮ್ಮ ಮೈಸೂರು” ಎಂಬುದೂ ಒಂದು ತನ್ನತನವೇ. ಅದನ್ನು ಬಿಟ್ಟು ದೊಡ್ಡದೊಂದನ್ನು ಸೇರುವಾಗ ಅಳುಕು ಸಹಜ.

ಬೆನೆಡಿಕ್ಟ್ ಆಂಡರ್ಸನ್ ಎಂಬ ಪಂಡಿತರು ೧೯೮೩ರಲ್ಲಿ ಬರೆದ ಗ್ರಂಥದಲ್ಲಿ ರಾಷ್ಟ್ರವನ್ನು ಕಲ್ಪಿತ ಸಮುದಾಯವೆಂದು ವ್ಯಾಖ್ಯಾನಿಸಿದರು. ಕಲ್ಪಿತವೆಂದರೆ ಸುಳ್ಳೆಂದಲ್ಲ. ಒಂದು ರಾಷ್ಟ್ರದವರು ಪರಸ್ಪರ ಬಹುಮಂದಿಯನ್ನು ಎಂದಿಗೂ ಕಾಣುವುದಿಲ್ಲ, ಆದರೂ ಅವರೆಲ್ಲರೂ ತಮ್ಮವರೆಂಬ ಚಿತ್ರವನ್ನು ಪ್ರತಿಯೊಬ್ಬನೂ ಮನಸ್ಸಿನಲ್ಲಿ ಇಟ್ಟುಕೊಂಡಿರುವನು ಎಂದು ಅರ್ಥ. ಈ ಚಿತ್ರವನ್ನು ಮೂಡಿಸಿದುವು ಅಚ್ಚಿನ ಪುಸ್ತಕ, ವೃತ್ತಪತ್ರಿಕೆಗಳು. ರಾಯಚೂರಿನವನೂ ಮೈಸೂರಿನವನೂ ಒಂದೇ ಕಾದಂಬರಿಯನ್ನು ಓದಿ ಕಣ್ಣೀರಿಟ್ಟ ದಿನವೇ ಏಕೀಕರಣವು ಅರ್ಧ ನಡೆದುಹೋಗಿತ್ತು. ೧೮೯೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ, ಬೆಂಗಳೂರಿನ ಪರಿಷತ್ತೂ ಮಾಡಿದ ಕೆಲಸ ಇದು.

ರಾಷ್ಟ್ರವು ಹಳೆಯ ಗುರುತುಗಳನ್ನು ಅಳಿಸಿಹಾಕುವುದಿಲ್ಲ. ಅವುಗಳಿಗೆ ಹೊಸ ಕೆಲಸವನ್ನು ಕೊಡುವುದು. ಕುಂಬಾರನ ಕೈಯಲ್ಲಿಯೇ ಇದಕ್ಕೆ ಎರಡು ನಿದರ್ಶನಗಳಿವೆ. ಮನೆಯೊಳಗೆ ಪೂಜೆಗೊಳ್ಳುತ್ತಿದ್ದ ಮಣ್ಣಿನ ಗಣಪತಿಯನ್ನು ೧೮೯೩ರಲ್ಲಿ ಪುಣೆಯಲ್ಲಿ ಲೋಕಮಾನ್ಯ ತಿಲಕರು ಸಾರ್ವಜನಿಕ ಉತ್ಸವವನ್ನಾಗಿ ಬೆಳೆಸಿದರು. ಜನರನ್ನು ಒಟ್ಟುಗೂಡಿಸುವ ಆ ಉಪಾಯವು ಊರೂರಿಗೆ ಹಬ್ಬಿ, ಮಡಕೆಗೆ ಗಿರಾಕಿ ಕಡಮೆಯಾದ ಕಾಲದಲ್ಲಿ ಕುಂಬಾರರ ಮನೆಗೆ ಭಾದ್ರಪದದ ಸಂಪಾದನೆಯೊಂದು ಒದಗಿತು. ಎರಡನೆಯದು ಶಾಲಿವಾಹನ ಶಕೆ. ಕುಂಬಾರಕೊಪ್ಪಲಿಗೆ ಅನತಿದೂರದಲ್ಲಿರುವ ಒಂಟಿಕೊಪ್ಪಲಿನ ಹೆಸರಿನ ಪಂಚಾಂಗವು ಕನ್ನಡಿಗರ ಮನೆಮನೆಗಳಲ್ಲಿ ಯುಗಾದಿಯಂದು ತೆರೆಯಲ್ಪಡುವುದಷ್ಟೆ; ಅದರಲ್ಲಿ ಶಾಲಿವಾಹನ ಶಕವರ್ಷವನ್ನು ಎಣಿಸುವರು. ಸ್ವತಂತ್ರ ಭಾರತ ಸರ್ಕಾರವು ತನ್ನ ರಾಷ್ಟ್ರೀಯ ಪಂಚಾಂಗವನ್ನು ೧೯೫೭ರ ಮಾರ್ಚ್ ೨೨ರಂದು ಜಾರಿಗೆ ತಂದಾಗ ಆರಿಸಿಕೊಂಡುದೂ ಶಕವರ್ಷವನ್ನೇ. ಕುಂಬಾರನ ಮನೆಯಲ್ಲಿ ಬೆಳೆದನೆಂದು ಕಥೆ ಹೇಳುವ ರಾಜನ ಹೆಸರಿನ ಗಣನೆಯು ರಾಷ್ಟ್ರದ ಗಣನೆಯಾಯಿತು.

ಒಂಟಿಕೊಪ್ಪಲಿನ ಮಾತು ಬಂದಾಗ, ಅಲ್ಲಿಯ ‘ಉದಯರವಿ’ಯಲ್ಲಿ ವಾಸವಾಗಿದ್ದ ಕುವೆಂಪು ಅವರನ್ನು ನೆನೆಯದಿರಲಾಗದು. ೨೦೦೪ರಲ್ಲಿ ನಾಡಗೀತೆಯಾಗಿ ಅಂಗೀಕೃತವಾದ ಅವರ ಕವಿತೆಯಲ್ಲಿ ಕರ್ನಾಟಕವು ಭಾರತಮಾತೆಯ ಮಗಳು. ನಾಡಿಗೂ ರಾಷ್ಟ್ರಕ್ಕೂ ಇರುವ ಸಂಬಂಧವನ್ನು ಪಂಡಿತರು ಪುಟಗಟ್ಟಲೆ ವಿವರಿಸುವುದನ್ನು ಕವಿಯು ತಾಯಿಮಕ್ಕಳೆಂಬ ಮನೆಮಾತಿನಲ್ಲಿ ಮುಗಿಸಿದರು.

೫

ಜಾತಿ, ನಾಡು, ರಾಷ್ಟ್ರ ಎಂಬ ಈ ಸುತ್ತುಗಳ ಹೊರಗೆ ಇನ್ನೊಂದು ದೊಡ್ಡ ಸುತ್ತುಂಟು, ಅದು ಜಗತ್ತು. ಜಾಗತೀಕರಣವೆಂಬ ಮಾತು ೧೯೯೧ರ ಆರ್ಥಿಕ ನೀತಿಯ ಅನಂತರ ನಮ್ಮಲ್ಲಿ ಬಳಕೆಗೆ ಬಂದಿತಾದರೂ, ಸಂಗತಿಯು ಅಷ್ಟು ಹೊಸದಲ್ಲ. ನಮ್ಮ ಹಳ್ಳಿಗಳು ತಮಗೆ ತಾವೇ ಸಾಕಾಗಿದ್ದುವೆಂಬುದು ಒಂದು ಕಟ್ಟುಕಥೆಯೆಂದು ಎಂ. ಎನ್. ಶ್ರೀನಿವಾಸರೂ ಎ. ಎಂ. ಷಾ ಅವರೂ ೧೯೬೦ರಲ್ಲಿಯೇ ಬರೆದರು. ಉಪ್ಪೂ ಕಬ್ಬಿಣವೂ ಸಂತೆಯಿಂದ ಬರಬೇಕು. ಎಲ್ಲ ಹಳ್ಳಿಗಳಲ್ಲಿಯೂ ಎಲ್ಲ ಕಸಬಿನವರಿರಲಿಲ್ಲ.

ಕುಂಬಾರನಿಗಂತೂ ಜಗತ್ತು ಬಹಳ ಬೇಗ ಎದುರಾಯಿತು. ೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಯೂರೋಪಿನ ಮಾದರಿ, ಮಂಗಳೂರಿನ ಜೇಡಿಮಣ್ಣು, ಯಂತ್ರದ ಒತ್ತು. ಚಕ್ರದ ಮೇಲೆ ತಿರುಗಿಸಿ ಕೈಯಿಂದ ಮಾಡಿದ ನಾಡಹೆಂಚು ಅದರೆದುರು ನಿಲ್ಲಲಾರದೆ ಹೋಯಿತು. ಮಂಗಳೂರು ಹೆಂಚು ಸಮುದ್ರ ದಾಟಿ ಹೊರದೇಶಗಳಿಗೂ ಹೋಯಿತು, ಘಟ್ಟ ಹತ್ತಿ ನಮ್ಮ ಸೀಮೆಗೂ ಬಂದಿತು. ಆ ಮೇಲೆ ಅಲ್ಯುಮಿನಿಯಂ, ಉಕ್ಕು, ಪ್ಲಾಸ್ಟಿಕ್ಕುಗಳು ಒಂದೊಂದಾಗಿ ಬಂದು ಅಡುಗೆಮನೆಯಿಂದ ಮಡಕೆ ಕುಡಿಕೆಗಳನ್ನು ಹೊರಗೆ ಹಾಕಿದುವು. ಕಸಬು ಹೋಯಿತು, ಕುಂಬಾರನೆಂಬ ಹೆಸರು ಹೋಗಲಿಲ್ಲ. ಶಾಲೆಯ ದಾಖಲೆಯಲ್ಲಿಯೂ ಮದುವೆಯ ಮಾತುಕತೆಯಲ್ಲಿಯೂ ಅದು ಉಳಿಯಿತು. ಬಾರ್ತ್ ಅವರು ಹೇಳಿದ ಎಲ್ಲೆಯೆಂಬುದು ಇದೇ: ಒಳಗಿನ ವಸ್ತು ಕರಗಿದರೂ ಗೆರೆ ಮಾತ್ರ ನಿಂತಿದೆ.

ಜಗತ್ತು ಕೊಡುವುದೂ ಉಂಟು, ಕಸಿದುಕೊಳ್ಳುವುದೂ ಉಂಟು. ಸುಮಾರು ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಸ್ಥಾಪಿತವಾಗಿ, ಚೆಕೊಸ್ಲೊವಾಕಿಯಾ ದೇಶದ ಮಾದರಿಯ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. ಆ ದೂರದೇಶದ ಯಂತ್ರವು ಮೈಸೂರಿಗರ ಹೆಮ್ಮೆಯ ವಸ್ತುವಾಯಿತು. ಎಷ್ಟೋ ಸಂಸಾರಗಳು ಅದರ ಸಂಬಳದಿಂದ ಬದುಕಿದುವು. ೧೯೯೩ರ ಜನವರಿ ೧ರಂದು ಚೆಕೊಸ್ಲೊವಾಕಿಯಾ ಎಂಬ ರಾಷ್ಟ್ರವೇ ಎರಡಾಗಿ ಒಡೆಯಿತು. ೧೯೯೬ರಲ್ಲಿ ಕಾರ್ಖಾನೆಯೂ ಮುಚ್ಚಿತು. ನಿತ್ಯವೆಂದು ನಾವು ನಂಬುವ ರಾಷ್ಟ್ರವೂ, ನೆಲೆಯೆಂದು ನಂಬುವ ಉದ್ಯೋಗವೂ ಮನುಷ್ಯರು ಕಟ್ಟಿದುವು; ಕಾಪಾಡದಿದ್ದರೆ ಉಳಿಯವು.

ಈಗ ಕುಂಬಾರಕೊಪ್ಪಲಿನ ನೆರೆಯ ಗೋಕುಲದ ಬೀದಿಗಳಲ್ಲಿ ಯೂರೋಪು ಅಮೆರಿಕಗಳವರು ಚಾಪೆಯ ಸುರುಳಿಯನ್ನು ಹೆಗಲಿಗೇರಿಸಿ ನಡೆಯುವುದನ್ನು ಯಾರಾದರೂ ಕಾಣಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೩೦ರ ದಶಕದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗವನ್ನು ಬೋಧಿಸಿದರು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರ ಪದ್ಧತಿಯು ಲೋಕದಲ್ಲೆಲ್ಲ ಹರಡಿ, ‘ಮೈಸೂರು ಶೈಲಿ’ ಎಂಬುದು ಅನೇಕ ದೇಶಗಳ ಯೋಗಶಾಲೆಗಳಲ್ಲಿ ಪರಿಭಾಷೆಯಾಗಿದೆ. ನಾವು ೨೦೧೪ರಲ್ಲಿ ಇಂಗ್ಲಿಷಿನಲ್ಲಿಯೂ ನಗರದ ಹೆಸರನ್ನು ಕನ್ನಡದಂತೆ ಮೈಸೂರು ಎಂದೇ ಬರೆಯಬೇಕೆಂದು ತಿದ್ದಿಕೊಂಡೆವು. ಹಳೆಯ ಉಚ್ಚಾರಣೆಯು ಆ ಶಾಲೆಗಳಲ್ಲಿ ಹೊಸ ಅರ್ಥದಲ್ಲಿ ಬದುಕಿದೆ. ೧೯೯೯ರ ಶಾಸನದ ಪ್ರಕಾರ ಮೈಸೂರು ರೇಷ್ಮೆ, ಮೈಸೂರು ಮಲ್ಲಿಗೆ, ನಂಜನಗೂಡಿನ ರಸಬಾಳೆಗಳಿಗೆ ಊರಿನ ಹೆಸರಿನ ಹಕ್ಕು ದೊರೆತಿರುವುದಕ್ಕೂ ಕಾರಣ ಜಗತ್ತಿನ ವ್ಯಾಪಾರದ ಒಪ್ಪಂದಗಳೇ. ಪ್ರಪಂಚವು ಒಂದಾದರೆ ಊರುಗಳ ಹೆಸರು ಮಾಸಿಹೋಗುವುದೆಂದು ಭಯಪಟ್ಟವರುಂಟು. ನಡೆದುದು ಬೇರೆ: ಹೆಸರುಗಳಿಗೆ ಬೆಲೆ ಬಂದಿತು. ಆದರೆ ಬೆಲೆ ಬಂದ ವಸ್ತುವಿಗೆ ಮಾರುವವರೂ ಹುಟ್ಟುವರೆಂಬುದನ್ನು ಮರೆಯಬಾರದು.

೬

ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಮೈಸೂರಿಗೆ ವಿಶೇಷವಾದ ಸ್ಥಾನವಿರುವುದಕ್ಕೆ ಕಾರಣರಾದವರು ಮೇಲೆ ಹೇಳಿದ ಎಂ. ಎನ್. ಶ್ರೀನಿವಾಸರು. ೧೯೧೬ರಲ್ಲಿ ಮೈಸೂರಿನಲ್ಲಿ ಜನಿಸಿ, ಇಲ್ಲಿಯೇ ಓದಿ, ಮುಂಬಯಿಯಲ್ಲಿ ಘುರ್ಯೆಯವರಲ್ಲಿಯೂ ಆಕ್ಸ್‌ಫರ್ಡಿನಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್ ಅವರಲ್ಲಿಯೂ ಶಿಷ್ಯವೃತ್ತಿ ಮಾಡಿದ ಇವರು ೧೯೪೮ರಲ್ಲಿ ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ಹೋಗಿ ನೆಲಸಿದರು. ಆ ಹಳ್ಳಿಗೆ ತಮ್ಮ ಬರಹಗಳಲ್ಲಿ ರಾಂಪುರವೆಂದು ಮರೆಹೆಸರಿಟ್ಟರು. ಕೆಳಗಿನ ಜಾತಿಯವರು ಮೇಲಿನವರ ಆಚಾರಗಳನ್ನು ಅನುಸರಿಸಿ ಸ್ಥಾನವನ್ನು ಹೆಚ್ಚಿಸಿಕೊಳ್ಳಲೆಳಸುವ ಕ್ರಮಕ್ಕೆ ಅವರು ಸಂಸ್ಕೃತೀಕರಣವೆಂಬ ಹೆಸರನ್ನು ಕೊಟ್ಟರು. ಸಂಖ್ಯೆ, ಭೂಮಿ, ಅಧಿಕಾರಗಳಲ್ಲಿ ಮೇಲುಗೈಯಾದ ಜಾತಿಯನ್ನು ಪ್ರಬಲಜಾತಿಯೆಂದರು. ಈ ಮಾತುಗಳು ಮೈಸೂರಿನ ಹಳ್ಳಿಗಳಿಂದ ಹೊರಟು ಲೋಕದ ಪಂಡಿತರ ಭಾಷೆಯನ್ನು ಸೇರಿದುವು.

ಹಳ್ಳಿಯವರು ಯಾರೆಂದು ವಿಚಾರಿಸಲು ಹೋದ ಶ್ರೀನಿವಾಸರಿಗೆ ಅಲ್ಲಿಯ ಜನರು ಮೊದಲು ಅವರದೇ ಸ್ಥಾನವನ್ನು ಗೊತ್ತುಮಾಡಿದರು. ಆಕ್ಸ್‌ಫರ್ಡಿನ ಪದವಿ ಆ ಜಗಲಿಯಲ್ಲಿ ನಡೆಯಲಿಲ್ಲ. ಬ್ರಾಹ್ಮಣರ ಮನೆಯವರು, ಹಾಗೆಯೇ ನಡೆದುಕೊಳ್ಳಬೇಕು ಎಂದು ಅವರು ನಿರೀಕ್ಷಿಸಿದರು. ಪ್ರಶ್ನೆ ಕೇಳುವವನೂ ಪ್ರಶ್ನೆಗೆ ಹೊರತಲ್ಲ ಎಂಬುದು ಇದರಿಂದ ತಿಳಿಯುವ ಪಾಠ. ೧೯೭೦ರ ಏಪ್ರಿಲ್ ೨೪ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರು ವರ್ಷಗಟ್ಟಲೆ ಕೂಡಿಸಿ ಕ್ರಮಗೊಳಿಸಿದ್ದ ಟಿಪ್ಪಣಿಗಳು ಆಹುತಿಯಾದುವು. ಆಗ ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಮತ್ತೆ ಕಟ್ಟಿ ೧೯೭೬ರಲ್ಲಿ ಗ್ರಂಥವಾಗಿ ಹೊರತಂದರು. ಅಂಕಣಗಳೆಲ್ಲ ಸುಟ್ಟುಹೋದ ಮೇಲೆ ಉಳಿದುವು ಮುಖಗಳು. ಆ ಗ್ರಂಥವನ್ನು ಓದುವವರಿಗೆ ಅಲ್ಲಿ ಕಾಣುವುದು ಜಾತಿಗಳ ಪಟ್ಟಿಯಲ್ಲ. ಕೋಪ, ಹಾಸ್ಯ, ಔದಾರ್ಯ, ಹಟಗಳುಳ್ಳ ಮನುಷ್ಯರು.

೭

ಈಗ ಹಿಂದಿರುಗಿ ಆ ಜಗಲಿಗೆ ಬರೋಣ. ವೃದ್ಧರನ್ನು ದುಷ್ಟರೆಂದು ನಾನು ಹೇಳಲಾರೆ. ಅವರು ಕೇಳಿದುದು ಅವರ ಅಜ್ಜಂದಿರು ಕೇಳುತ್ತಿದ್ದ ಪ್ರಶ್ನೆಯನ್ನೇ. ಬಂದವನನ್ನು ಯಾವ ವರಸೆಯಿಂದ ಕರೆಯಬೇಕೆಂದು ತಿಳಿಯುವುದಕ್ಕೂ ಆ ಪ್ರಶ್ನೆ ಒದಗುತ್ತಿತ್ತು. ಆದರೆ ಮಾತು ಒಂದೇ ಆದರೂ ಕಾಲವು ಬದಲಾದಾಗ ಕೆಲಸ ಬದಲಾಗುವುದು. ಸಂಬಂಧವನ್ನು ಹುಡುಕುವುದಕ್ಕೂ ಬಳಸುತ್ತಿದ್ದ ಪ್ರಶ್ನೆಯು ನಗರದ ಬಾಡಿಗೆಯ ಮನೆಯ ಬಾಗಿಲಲ್ಲಿ ಬರಿಯ ಅಗುಳಿಯಾಯಿತು. ರಾಯಚೂರನ್ನೂ ಮೈಸೂರನ್ನೂ ೧೯೫೬ರಲ್ಲಿ ಒಂದು ಮಾಡಿದೆವು. ಜಾತಿ, ಜನ್ಮಸ್ಥಳಗಳ ಕಾರಣದಿಂದ ರಾಜ್ಯವು ಯಾರಲ್ಲಿಯೂ ಭೇದವೆಣಿಸಕೂಡದೆಂದು ೧೯೫೦ರ ಸಂವಿಧಾನದಲ್ಲಿ ಬರೆದುಕೊಂಡೆವು. ಆ ಬರಹವು ಜಗಲಿಯನ್ನು ಇನ್ನೂ ಹತ್ತಿಲ್ಲ.

ಕೆಲವು ದಿನಗಳ ಮೇಲೆ ತರುಣನಿಗೆ ಬೇರೊಂದು ಬಡಾವಣೆಯಲ್ಲಿ ಮನೆ ಸಿಕ್ಕಿತು. ಅಲ್ಲಿಯ ಯಜಮಾನರು ಊರನ್ನೂ ಕೇಳಲಿಲ್ಲ, ಪೈಕಿಯನ್ನೂ ಕೇಳಲಿಲ್ಲ. ಮುಂಗಡ ಎಷ್ಟು ತಿಂಗಳಿನದು ಕೊಡುವಿರೆಂದು ಮಾತ್ರ ಕೇಳಿದರಂತೆ. ಜಗತ್ತಿನ ವ್ಯಾಪಾರವು ಕೇಳುವ ಪ್ರಶ್ನೆ ಅದು. ಅದರಲ್ಲಿ ಅವಮಾನವಿಲ್ಲ, ಅದು ದೊಡ್ಡ ಲಾಭ. ಆದರೆ ವರ್ಷ ಕಳೆದರೂ ಆ ಮನೆಯವರಿಗೆ ತನ್ನ ಹೆಸರು ಸರಿಯಾಗಿ ತಿಳಿಯದೆಂದು ತರುಣನು ಹೇಳಿದಾಗ, ಅದರಲ್ಲಿ ಆದರವೂ ಇಲ್ಲವೆಂದು ತೋರಿತು. ಒಂದು ಪ್ರಶ್ನೆ ಮನುಷ್ಯನನ್ನು ಜಾತಿಗೆ ಇಳಿಸಿತು. ಇನ್ನೊಂದು ಹಣಕ್ಕೆ ಇಳಿಸಿತು.

೧೯೩೧ರ ಗಣತಿಯೇ ಎಲ್ಲ ಜಾತಿಗಳ ಲೆಕ್ಕವೂ ಪೂರ್ಣವಾಗಿ ಪ್ರಕಟವಾದ ಕೊನೆಯ ಗಣತಿ. ಅನಂತರ ಕರ್ನಾಟಕದಲ್ಲಿ ೨೦೧೫ರಲ್ಲಿಯೂ ೨೦೨೫ರಲ್ಲಿಯೂ ರಾಜ್ಯದ ಸಮೀಕ್ಷೆಗಳು ನಡೆದುವು. ೨೦೨೫ರ ಏಪ್ರಿಲ್ ೩೦ರಂದು ಕೇಂದ್ರ ಸರ್ಕಾರವು ಮುಂದಿನ ಜನಗಣತಿಯಲ್ಲಿ ಜಾತಿಯನ್ನು ಎಣಿಸುವುದಾಗಿ ನಿರ್ಣಯಿಸಿತು. ಹಿಂದುಳಿದವರ ಪಾಲನ್ನು ಅಳೆಯಲು ಲೆಕ್ಕ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಗಣತಿಯವನಿಗೆ ನಿಜವನ್ನು ಹೇಳಬೇಕು. ಅದು ನ್ಯಾಯದ ಲೆಕ್ಕ. ಆದರೆ ಅವನು ಹೊರಟುಹೋದ ಮೇಲೆ ಆ ಕಾಗದವನ್ನು ನಮ್ಮ ಜಗಲಿಯ ಮೇಲೆ ಉಳಿಸಿಕೊಳ್ಳಬೇಕಾದುದಿಲ್ಲ. ಅಂಕಣಕ್ಕೆ ಒಂದೇ ಉತ್ತರ ಸಾಲುವುದು, ಮನುಷ್ಯನಿಗೆ ಸಾಲದು. ಕುಂಬಾರಕೊಪ್ಪಲಿನವನು ಅದೇ ಕ್ಷಣದಲ್ಲಿ ಮೈಸೂರಿನವನೂ ಕನ್ನಡಿಗನೂ ಭಾರತೀಯನೂ ಆಗಿರುವಂತೆ, ರಾಯಚೂರಿನಿಂದ ಬಂದವನಿಗೂ ಅಷ್ಟು ಹೆಸರುಗಳಿವೆ. ಅವುಗಳಲ್ಲಿ ಯಾವುದನ್ನು ಮೊದಲು ಹೇಳಬೇಕೆಂಬ ಆಯ್ಕೆ ಅವನದಾಗಿರಬೇಕು.

“ಯಾವೂರಾಯ್ತಪ್ಪ?” ಎಂಬ ಮೊದಲನೆಯ ಪ್ರಶ್ನೆ ಎಷ್ಟು ಸೊಗಸಾಗಿತ್ತು! ಅದಕ್ಕೆ ತರುಣನು ಕೂಡಲೇ ಮುಖವೆತ್ತಿ ಉತ್ತರ ಹೇಳಿದ್ದನು. ನಾವು ಅಲ್ಲಿಗೇ ನಿಲ್ಲಿಸಿ, “ಊಟವಾಯಿತೆ?” ಎಂದು ಮುಂದುವರಿಸಿದ್ದರೆ ಸಾಕಾಗಿತ್ತು.